40 ಗಂಟೆಯ ಲೆಕ್ಕ

ಎರಡು ವರ್ಷದ ಹಿಂದಿನ ಮಾತು. ಎರಡನೇ ಶನಿವಾರ, ಆಫೀಸಿಗೆ ರಜೆ. ಸಂಜೆ ಆರಕ್ಕೆ ಬಚ್ಚಲಿಗೆ ಹೋದವಳು ಒಳಗೇ ಸಿಕ್ಕಿಬಿದ್ದೆ. ತುಕ್ಕು ಹಿಡಿದ ಚಿಲಕ ಅರ್ಧಕ್ಕೆ ಬಂದು ಕಚ್ಚಿಕೊಂಡಿತ್ತು. ಎಳೆದರೆ ಬರುವುದಿಲ್ಲ, ತಳ್ಳಿದರೆ ಹೋಗುವುದಿಲ್ಲ. ಫೋನು ಮಂಚದ ಮೇಲೆ ಚಾರ್ಜಿಗಿತ್ತು.

ಮೊದಲು ಸಿಟ್ಟು ಬಂತು, ಆಮೇಲೆ ನಗು. ಅರ್ಧ ಗಂಟೆ ಕಳೆದ ಮೇಲೆ ಬಕೆಟ್ ಬೋರಲು ಹಾಕಿ ಕೂತು ಲೆಕ್ಕ ಹಾಕಿದೆ. ಅವ್ವ ನಿನ್ನೆ ತಾನೇ ಫೋನ್ ಮಾಡಿದ್ದಾಳೆ, ಇನ್ನು ನಾಲ್ಕು ದಿನ ಮಾಡುವುದಿಲ್ಲ. ಹಾಲು ನಾನೇ ಅಂಗಡಿಯಿಂದ ತರುವವಳು. ಕೆಲಸದವರಿಲ್ಲ. ಸೋಮವಾರ ಬೆಳಗ್ಗೆ ಹತ್ತಕ್ಕೆ ಆಫೀಸಿನಲ್ಲಿ ನನ್ನ ಕುರ್ಚಿ ಖಾಲಿ ಕಾಣಬೇಕು. ಅಲ್ಲಿಗೆ 40 ಗಂಟೆ. ಅದೂ ಕಮ್ಮಿ ಲೆಕ್ಕವೇ. ಮಧ್ಯಾಹ್ನದ ತನಕ ‘ಮೇಡಂ ರಜಾ ಹಾಕಿರಬೇಕು’ ಅಂತಲೇ ಅಂದುಕೊಳ್ಳುತ್ತಾರೆ.

ಬೆಳಕಿಂಡಿಗೆ ಬಾಯಿಟ್ಟು ಕೂಗಿದೆ. ಓಣಿಯಲ್ಲಿ ಕ್ರಿಕೆಟ್ ಆಡುತ್ತಿದ್ದ ಎದುರುಮನೆ ಹುಡುಗನಿಗೆ ಕೇಳಿಸುವಷ್ಟರಲ್ಲಿ ಏಳೂವರೆ ದಾಟಿತ್ತು. ಮುಂಬಾಗಿಲಿಗೂ ಒಳಗಿನಿಂದ ಬೋಲ್ಟ್ ಹಾಕಿದ್ದೆ. ಅದನ್ನು ಒಡೆದು ಬಂದರು. ಬಾಗಿಲಿನ ದುಡ್ಡನ್ನು ಮನೆ ಮಾಲೀಕರು ಮರುದಿನವೇ ನನ್ನಿಂದ ವಸೂಲಿ ಮಾಡಿದರು, ಅದು ಬೇರೆ ಮಾತು.

ನನಗೆ ಈಗ 36. ಊರು ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿ, ಕೆಲಸ ಕೊಪ್ಪಳದಲ್ಲಿ. ಮದುವೆ ಆಗಿಲ್ಲ. ಯಾಕೆ ಅಂತ ಬರೆಯಲು ಕೂತರೆ ಇದು ಬೇರೆಯೇ ಬರಹವಾಗುತ್ತದೆ, ಬಿಡಿ. ಇಲ್ಲಿ ಮನೆ ಹುಡುಕುವಾಗ ಎಲ್ಲರದೂ ಒಂದೇ ಪ್ರಶ್ನೆ: ‘ಯಾರ್ಯಾರು ಇರ್ತೀರಿ?’ ‘ನಾನೊಬ್ಬಳೇ’ ಅಂದ ಕೂಡಲೇ ಅಲ್ಲಿಯವರೆಗೆ ಇಲ್ಲದ ನೀರಿನ ತ್ರಾಸು ಆ ಮನೆಗೆ ಶುರುವಾಗುತ್ತಿತ್ತು. ‘ನಮ್ಮಲ್ಲಿ ನೀರ ಸರಿಯಾಗಿ ಬರಂಗಿಲ್ರಿ, ನಿಮಗ ತೊಂದ್ರಿ ಆಕ್ಕೈತಿ.’ ಆರು ಮನೆಗೂ ನೀರು ಬರುತ್ತಿರಲಿಲ್ಲ! ಏಳನೆಯದು ಸಿಕ್ಕಿತು. ಸಿಕ್ಕ ಮೇಲೆ ನಾನು ಯಾರಿಗೂ ಭಾರವಾಗಬಾರದು ಅಂತ ಬಾಗಿಲು ಹಾಕಿಕೊಂಡು ಬದುಕಿದೆ. ಮೂರು ವರ್ಷ. ಅದೇ ನಾನು ಮಾಡಿದ ತಪ್ಪು.

ಒಂಟಿತನ ಕಳೆಯಲು ಏನೂ ಮಾಡಿರಲಿಲ್ಲ ಅಂತಲ್ಲ. ಇಡೀ ದಿನ ಟಿ.ವಿ. ಹಚ್ಚಿಟ್ಟೆ. ಶನಿವಾರ ಬಂದರೆ ಊರಿಗೆ ಓಡಿದೆ. ಅಲ್ಲಿ ಅಣ್ಣನ ಮಕ್ಕಳ ನಡುವೆ ಇನ್ನೂ ಜಾಸ್ತಿ ಒಂಟಿ ಅನಿಸಿತು. ನಾಯಿ ಸಾಕೋಣ ಅಂದರೆ ಮಾಲೀಕರು ಬೇಡ ಅಂದರು. ಓದಲೂ ಶುರು ಮಾಡಿದೆ. ನಮ್ಮ ಮಂಡ್ಯದ ಹಲ್ಲೇಗೆರೆ ಮೂಲದ ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಸಲಹೆ ಕೊಡುವ ಅಲ್ಲಿನ ಸರ್ಕಾರದ ದೊಡ್ಡ ವೈದ್ಯ, ಆಗಿದ್ದಾಗ, 2023ರಲ್ಲಿ, ಜನರ ಒಡನಾಟ ಇಲ್ಲದಿರುವುದು ದಿನಕ್ಕೆ 15 ಸಿಗರೇಟು ಸೇದಿದಷ್ಟೇ ಆಯುಸ್ಸಿಗೆ ಕೆಡುಕು ಅಂತ ಎಚ್ಚರಿಸಿದ್ದರು. ಓದಿ ಹೆದರಿಕೆ ಆಯಿತು. ಸಿಗರೇಟಾದರೆ ಬಿಡಬಹುದು, ಇದನ್ನು ಎಲ್ಲಿ ಬಿಡುವುದು?

ಉಪಯೋಗಕ್ಕೆ ಬಂದದ್ದು ಇನ್ನೊಂದು ಹಳೆಯ ಮಾತು. ರಾಬರ್ಟ್ ವೈಸ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ 1973ರಲ್ಲಿ ಒಂಟಿತನವನ್ನು ಎರಡಾಗಿ ಬಿಡಿಸಿದ್ದರು. ತೀರಾ ಹತ್ತಿರದ ಒಬ್ಬರು ಇಲ್ಲದ ಕೊರಗು ಒಂದು. ಸುತ್ತ ನಮ್ಮವರು ಅನ್ನುವ ಬಳಗ ಇಲ್ಲದ ಕೊರಗು ಇನ್ನೊಂದು. ಒಂದರ ಮದ್ದು ಇನ್ನೊಂದಕ್ಕೆ ಹತ್ತುವುದಿಲ್ಲ. ನಾನು ಎರಡನ್ನೂ ಕಲಸಿ ‘ಮದುವೆ ಆಗಿಲ್ಲ, ಅದಕ್ಕೇ ಹಿಂಗೆ’ ಅಂತ ಒಂದೇ ಗಂಟು ಕಟ್ಟಿಟ್ಟಿದ್ದೆ. ಬಚ್ಚಲಲ್ಲಿ ಹಾಕಿದ 40 ಗಂಟೆಯ ಲೆಕ್ಕ ಎರಡನೆಯದರದು. ಅದನ್ನಾದರೂ ಇಳಿಸಬಹುದಲ್ವಾ?

ಶುರುವಾದದ್ದು ರೊಟ್ಟಿಯಿಂದ. ನಮ್ಮ ಓಣಿಯ ತುದಿಯಲ್ಲಿ ಒಬ್ಬ ಅಕ್ಕ ರೊಟ್ಟಿ ಬಡಿದು ಮಾರುತ್ತಾರೆ. ನಾನು ಭಾನುವಾರಕ್ಕೊಮ್ಮೆ ಹೋಗಿ ವಾರಕ್ಕಾಗುವಷ್ಟು ಕಟಕ್ ರೊಟ್ಟಿ ತಂದಿಡುತ್ತಿದ್ದೆ. ಅದನ್ನು ಬಿಟ್ಟೆ. ದಿನಾ ಸಂಜೆ ಏಳೂವರೆಗೆ ಎರಡೇ ಬಿಸಿ ರೊಟ್ಟಿ. ಮೊದಲ ವಾರ ಅವರು ಮುಖ ನೋಡಲಿಲ್ಲ. ಎರಡನೇ ವಾರ ‘ಎರಡಾ ಸಾಕೇನ್ರಿ?’ ಅಂದರು. ತಿಂಗಳಾಗುವಷ್ಟರಲ್ಲಿ ನಾನು ಕಂಡ ಕೂಡಲೇ ಹಿಟ್ಟಿಗೆ ಕೈ ಹಾಕುವುದು, ಒಲೆ ಮುಂದೆ ಸ್ಟೂಲು ಎಳೆಯುವುದು. ರೊಟ್ಟಿ ಬೇಯುವಷ್ಟು ಹೊತ್ತು ಮಾತು. ಒಂದು ದಿನ ಆಫೀಸಿನಲ್ಲಿ ತಡವಾಗಿ ಹೋಗಲಿಲ್ಲ. ಮರುದಿನ ಬೈದರು: ‘ನಿಮ್ಮ ಎರಡು ರೊಟ್ಟಿ ಎತ್ತಿಟ್ಟಿದ್ನೆಲ್ರಿ, ಹೇಳೂದಲ್ಲೇನು?’ ಆ ಬೈಗುಳ ಕೇಳಿ ನನಗೆಷ್ಟು ಖುಷಿಯಾಯಿತು ಅಂದರೆ, ಮನೆಗೆ ಬಂದು ಒಂದಿಷ್ಟು ಅತ್ತೆ.

ಆಮೇಲೆ ಕೀಲಿಕೈ. ಇನ್ನೊಂದು ಮಾಡಿಸಿ ಎದುರುಮನೆ ಅಜ್ಜಿಗೆ ಕೊಟ್ಟೆ. ಒಳಗೆ ಬೋಲ್ಟ್ ಹಾಕಿದರೆ ಹೊರಗಿನ ಕೀಲಿಕೈ ಇದ್ದೇನು ಪ್ರಯೋಜನ? ಅದಕ್ಕೇ ಎರಡೂ ಕಡೆಯಿಂದ ತೆಗೆಯಲು ಬರುವ ಬೀಗ ಹಾಕಿಸಿದೆ. ಒಬ್ಬರೇ ಇರುವವರು ಬಚ್ಚಲಿಗೂ ಫೋನ್ ಒಯ್ಯಿರಿ, ನಾಚಿಕೆ ಬೇಡ. ಅಜ್ಜಿಗೆ ಕೀಲಿಕೈ ಕೊಡುವಾಗ ನನಗೆ ಅಳುಕಿತ್ತು, ಸುಮ್ನೆ ಬಂದು ಕೂತುಬಿಟ್ಟರೆ ಅಂತ. ಬಂದು ಕೂತರು ಕೂಡ. ಮೊದಲ ಸಲವೇ ಕೇಳಿದ್ದು, ‘ಒಬ್ಬಾಕಿಗೆ ಅಂಜಿಕಿ ಬರಂಗಿಲ್ಲೇನವಾ?’ ಯಾರಿಗೂ ಹೇಳದ್ದನ್ನು ಅವತ್ತು ಹೇಳಿದೆ, ‘ಬರ್ತೈತಿ ಅಜ್ಜಿ’ ಅಂತ.

ಇಲ್ಲೊಂದು ಗುಟ್ಟು ಗೊತ್ತಾಯಿತು. ನಾನು ಓಣಿಯವರಿಗೆ ಮೊದಲಿನಿಂದಲೂ ಸಹಾಯ ಮಾಡುತ್ತಲೇ ಇದ್ದೆ. ಗೃಹಲಕ್ಷ್ಮಿಯ 2,000 ರೂಪಾಯಿ ಬಂದಿಲ್ಲ ಅಂದರೆ ಹೆಂಗಸರೆಲ್ಲ ನನ್ನ ಹತ್ತಿರವೇ ಬರುತ್ತಿದ್ದರು. ಅದರಿಂದ ನಾನು ‘ಆಫೀಸಿನ ಮೇಡಂ’ ಆದೆನೇ ಹೊರತು ಬಳಗ ಆಗಲಿಲ್ಲ. ಒಂದು ದಿನ ನಾನೇ ಹೋಗಿ ಕರಿಬೇವು ಕೇಳಿದೆ. ಇನ್ನೊಂದು ದಿನ ಸಿಲಿಂಡರ್ ಎತ್ತಿಡಲು ಹುಡುಗನನ್ನು ಕರೆದೆ. ಆಗ ಮೇಡಂ ಹೋಗಿ ಅಕ್ಕ ಆದೆ. ಹುಡುಗ ಮಾತ್ರ ಬಹಳ ದಿನ ‘ಆಂಟಿ’ ಅಂತಲೇ ಅನ್ನುತ್ತಿದ್ದ. ಅದನ್ನು ತಿದ್ದಲು ಎರಡು ಪ್ಲೇಟ್ ಒಗ್ಗರಣಿ-ಮಿರ್ಚಿ ಖರ್ಚಾಯಿತು.

ಬೆಳಗಿನ ಹೊತ್ತಿಗೆ ಇನ್ನೊಂದು ವ್ಯವಸ್ಥೆ ಇದೆ. ಸಿಂಧನೂರು ಕಡೆಯ ಸಹೋದ್ಯೋಗಿಯೊಬ್ಬಳು ಇಲ್ಲಿ ಒಬ್ಬಳೇ ಇದ್ದಾಳೆ. ಎಂಟರೊಳಗೆ ಇಬ್ಬರೂ ಒಂದು ಮೆಸೇಜು ಹಾಕಬೇಕು. ಎಂಟೂವರೆಗೂ ಬರದಿದ್ದರೆ ಫೋನು. ಎತ್ತದಿದ್ದರೆ ಗಾಡಿ ತೆಗೆದುಕೊಂಡು ಹೊರಡುವುದು. ಹೂವಿನ ಚಿತ್ರದ ಗುಡ್ ಮಾರ್ನಿಂಗ್ ನಡೆಯುವುದಿಲ್ಲ. ಏನು ತಿಂಡಿ ಅಂತ ಬರೆಯಬೇಕು. ಮೂರು ದಿನ ಸತತ ‘ಚಹಾ, ಬಿಸ್ಕತ್ತು’ ಅಂತ ಬಂದರೆ ಅವಳ ಮನಸ್ಸು ಸರಿಯಿಲ್ಲ ಅಂತ ನನಗೆ ತಿಳಿಯುತ್ತದೆ.

ಜನವರಿಯಲ್ಲಿ ಗವಿಮಠದ ಜಾತ್ರೆ. ಹಳ್ಳಿಹಳ್ಳಿಯಿಂದ ದಾಸೋಹಕ್ಕೆ ರೊಟ್ಟಿ ಬರುತ್ತವೆ, ಲಕ್ಷಗಟ್ಟಲೆ ಮಿರ್ಚಿ ಕರಿಯುತ್ತಾರೆ. ಮೊದಲೆಲ್ಲ ಒಬ್ಬಳೇ ಹೋಗಿ ತೇರು ನೋಡಿ ಬರುತ್ತಿದ್ದೆ. ಈಗ ಓಣಿಯ ಹೆಂಗಸರ ಜೊತೆ ಸೇವೆಗೆ ಹೋಗುತ್ತೇನೆ. ಕೈಯಲ್ಲಿ ಕೆಲಸವಿದ್ದಾಗ ‘ಮದುವಿ ಯಾವಾಗ?’ ಅನ್ನುವ ಪ್ರಶ್ನೆಯೂ ಅಷ್ಟು ಚುಚ್ಚುವುದಿಲ್ಲ. ಮೆಣಸಿನಕಾಯಿ ಸೀಳುತ್ತ ‘ನೋಡೋಣ್ರಿ’ ಅಂದರೆ ಮುಗಿಯಿತು.

ಇನ್ನು ಮೊದಲನೇ ಕೊರಗು. ಅದು ಹೋಗಿಲ್ಲ. ಭಾನುವಾರ ದೀಪ ಹಚ್ಚುವ ಹೊತ್ತಿಗೆ ಬಂದೇ ಬರುತ್ತದೆ. ಕೆಲವೊಮ್ಮೆ ಅದಕ್ಕೂ ಮೊದಲೇ ಗಾಡಿ ತೆಗೆದು ಪಾಲ್ಕಿಗುಂಡಿನ ಕಡೆ ಹೋಗುತ್ತೇನೆ. ಎರಡು ಬಂಡೆಗಳ ಮೇಲೆ ಚಪ್ಪಡಿಯಂಥ ಬಂಡೆ ಕೂತಿದೆ, ಅದರ ನೆರಳಲ್ಲಿ ಅಶೋಕನ ಶಾಸನ. 2,200 ವರ್ಷಕ್ಕೂ ಹಳೆಯದು. ಯಾರೋ ಯಾರಿಗೋ ಹೇಳಿ ಕಳಿಸಿದ ಮಾತು ಇನ್ನೂ ಅಲ್ಲೇ ಇದೆ. ಕೆಲವೊಮ್ಮೆ ಎಲ್ಲಿಗೂ ಹೋಗುವುದಿಲ್ಲ, ಮಲಗಿ ಗೋಡೆ ನೋಡುತ್ತೇನೆ. ಹೋದ ಯುಗಾದಿಯ ರಾತ್ರಿ ತೀರಾ ತಡೆಯದೆ 14416ಕ್ಕೆ ಫೋನ್ ಮಾಡಿದೆ. ಅದು 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆಯ ಹೆಣ್ಣುಮಗಳು ಉಪದೇಶ ಮಾಡಲಿಲ್ಲ, ಕೇಳಿಸಿಕೊಂಡಳು. ‘ಹುಚ್ಚರಿಗಷ್ಟೇ ಅದು’ ಅಂತ ನಾನು ಅಂದುಕೊಂಡಿದ್ದು ದಡ್ಡತನ.

ಹೋದ ತಿಂಗಳು ಗಂಗಾವತಿಗೆ ಆಫೀಸಿನ ಕೆಲಸಕ್ಕೆ ಹೋಗಿದ್ದೆ. ವಾಪಸ್ ಬರುವಾಗ ಬಸ್ಸು ಕೆಟ್ಟಿತು. ಫೋನ್ ಚಾರ್ಜು ಮುಗಿದಿತ್ತು. ಓಣಿಗೆ ಕಾಲಿಟ್ಟಾಗ ಒಂಬತ್ತೂವರೆ. ನನ್ನ ಮನೆ ಮುಂದೆ ದೀಪ ಉರಿಯುತ್ತಿತ್ತು. ಅಜ್ಜಿ ಕಟ್ಟೆಯ ಮೇಲೆ ಕೂತಿದ್ದರು, ಮಡಿಲಲ್ಲಿ ಕೀಲಿಕೈ. ರೊಟ್ಟಿ ಅಕ್ಕ ಬಟ್ಟೆಯಲ್ಲಿ ಸುತ್ತಿದ ಎರಡು ರೊಟ್ಟಿ ಹಿಡಿದು ನಿಂತಿದ್ದರು.

‘ಎಲ್ಲಿ ಸತ್ತಿದ್ದೆವಾ ಇಷ್ಟೊತ್ತನ?’ ಅಂದರು ಅಜ್ಜಿ.

ಹುಡುಗ ಆಗಲೇ ಕಾಂಪೌಂಡ್ ಏರಿ ಕೂತಿದ್ದ. ಕೈಯಲ್ಲಿ ಸುತ್ತಿಗೆ. ಕೀಲಿಕೈ ಅಜ್ಜಿಯ ಹತ್ತಿರವೇ ಇದೆಯಲ್ಲೋ ಅಂದೆ.

‘ಇರಲಿ ಬಿಡ್ರಿ ಅಕ್ಕಾ’ ಅಂದ, ‘ಬೇಕಾದ್ರ ಇರಲಿ ಅಂತ ತಂದೀನಿ.’