ಹುರಿಯುವ ಮುನ್ನ ಶೇಂಗಾ ಆರಿಸುವುದು ಹೇಗೆ?

ಬೂಷ್ಟು ಹಿಡಿದ ಶೇಂಗಾವನ್ನು ತೊಳೆದು, ಒಣಗಿಸಿ, ಕೆಂಪಗೆ ಹುರಿದರೆ ಸರಿಹೋಯಿತು ಎಂದುಕೊಳ್ಳುವವರನ್ನು ಎಷ್ಟೋ ಅಡುಗೆಮನೆಗಳಲ್ಲಿ ನೋಡಿದ್ದೇನೆ. ಸರಿಹೋಗುವುದಿಲ್ಲ. ಆಸ್ಪರ್ಜಿಲಸ್ ಜಾತಿಯ ಶಿಲೀಂಧ್ರ ಕಾಳಿನೊಳಗೆ ಬಿಡುವ ಅಫ್ಲಾಟಾಕ್ಸಿನ್ ವಿಷ ಪೂರ್ತಿ ಒಡೆಯಲು 200 ಡಿಗ್ರಿ ದಾಟಿದ ಶಾಖ ಬೇಕು. ಬಾಣಲೆಯ ಹುರಿತದಿಂದ ಅದು ಒಂದಿಷ್ಟು ಇಳಿದೀತು, ಅಷ್ಟೇ. ವರ್ಷಗಟ್ಟಲೆ ದೇಹ ಸೇರುತ್ತಿದ್ದರೆ ಲಿವರ್ ಕ್ಯಾನ್ಸರ್ ತರಬಲ್ಲ ವಿಷ ಇದು. ಹೆಪಟೈಟಿಸ್ ಬಿ ಇರುವವರಿಗೆ ಅಪಾಯ ಹಲವು ಪಟ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಕಾರಣ ಸಿಕ್ಕಿದ್ದು ಮೇವಿನ ಶೇಂಗಾ ಹಿಂಡಿಯಲ್ಲಿ. 1974ರಲ್ಲಿ ಗುಜರಾತ್, ರಾಜಸ್ಥಾನದ ಹಳ್ಳಿಗಳಲ್ಲಿ ಇದೇ ವಿಷ ಬೂಷ್ಟು ಹಿಡಿದ ಮೆಕ್ಕೆಜೋಳದ ಮೂಲಕ ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು.

ಹಾಗೆಂದು ಶೇಂಗಾ ಬಿಡಬೇಕಿಲ್ಲ. ವಿಷ ಎಲ್ಲ ಕಾಳಿನಲ್ಲೂ ಸಮನಾಗಿರುವುದಿಲ್ಲ, ಕೆಲವೇ ಕಾಳುಗಳಲ್ಲಿ ತುಂಬಿಕೊಂಡಿರುತ್ತದೆ. ಅವನ್ನು ಹೆಕ್ಕಿ ತೆಗೆಯುವುದೇ ನಮ್ಮ ಕೆಲಸ.

1. ಕೊಳ್ಳುವುದು. ಇಡೀ ಕಾಳನ್ನೇ ಕೊಳ್ಳಿ. ಅಗ್ಗಕ್ಕೆ ಸಿಗುವ ನುಚ್ಚು ಬೇಳೆ ಬೇಡವೇ ಬೇಡ. ಅಂಗಡಿಯ ಶೇಂಗಾ ಪುಡಿಯನ್ನೂ ನಾನು ಒಪ್ಪುವುದಿಲ್ಲ. ಪುಡಿಯಾದ ಮೇಲೆ ಕೆಟ್ಟ ಕಾಳು ಕಣ್ಣಿಗೆ ಬೀಳುವುದು ಹೇಗೆ?

2. ಆರಿಸುವುದು. ಹೆಚ್ಚಿನವರು ಎಡವುವುದು ಇಲ್ಲೇ. ಮೊರದ ತುಂಬ ಸುರಿದುಕೊಂಡು, ಟಿವಿ ನೋಡುತ್ತ ಬೆರಳಾಡಿಸಿದರೆ ಆರಿಸಿದಂತಾಗದು. ಹಗಲು ಬೆಳಕಿನಲ್ಲಿ, ಬಿಳಿ ತಟ್ಟೆಯಲ್ಲಿ, ಕಾಳಿನ ಮೇಲೆ ಕಾಳು ಕೂರದಂತೆ ಒಂದೊಂದೇ ಹಿಡಿ ಹರಡಿಕೊಳ್ಳಿ. ಹಸಿರು, ಹಳದಿ, ಕಪ್ಪು ಪುಡಿ ಅಂಟಿದ್ದನ್ನು ಯಾರಾದರೂ ತೆಗೆಯುತ್ತಾರೆ. ತಪ್ಪಿಸಿಕೊಳ್ಳುವುದು ಮುರುಟಿದ ಕಾಳು. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಚಳ್ಳಕೆರೆ, ಪಾವಗಡದಂಥ ಒಣಸೀಮೆಯಲ್ಲಿ ಸೋಂಕು ಹೊಲದಲ್ಲೇ ತಗಲಬಹುದು. ಸುಕ್ಕುಗಟ್ಟಿದ ಕಾಳನ್ನು ಅದಕ್ಕೇ ನಂಬಬಾರದು. ಹುಳು ಕೊರೆದದ್ದು, ಮೊಳಕೆ ಬಂದದ್ದು, ಸಿಪ್ಪೆಯ ಬಣ್ಣ ಕಂದಿದ್ದು, ಎಲ್ಲವೂ ಹೊರಗೆ. ಅನುಮಾನ ಬಂದರೆ ಕಾಳನ್ನು ಎರಡು ಹೋಳು ಮಾಡಿ ನೋಡಿ. ಹೊರಗೆ ನಯವಾಗಿದ್ದು ಒಳಗೆ ಬೂದು ಬಣ್ಣಕ್ಕೆ ತಿರುಗಿರುವುದುಂಟು. ಸಂಚಿಗೆ ಸಂಚಿಯೇ ಮುಗ್ಗಲು ನಾತ ಹೊಡೆದರೆ ಆರಿಸುತ್ತ ಕೂರಬೇಡಿ, ಅಷ್ಟನ್ನೂ ಎಸೆಯಿರಿ.

3. ಹುರಿಯುವುದು. ಸಣ್ಣ ಉರಿ, ದಪ್ಪ ತಳದ ಬಾಣಲೆ.

4. ಮತ್ತೊಮ್ಮೆ ಆರಿಸುವುದು. ಇದನ್ನು ಬಹುತೇಕ ಯಾರೂ ಮಾಡುವುದಿಲ್ಲ. ಹುರಿದು ತಿಕ್ಕಿದಾಗ ಒಳ್ಳೆಯ ಕಾಳು ಸಿಪ್ಪೆ ಬಿಟ್ಟು ಬೆಳ್ಳಗೆ ಹೋಳಾಗುತ್ತದೆ. ಎಷ್ಟು ತಿಕ್ಕಿದರೂ ಸಿಪ್ಪೆ ಬಿಡದ ಕಾಳು, ಉಳಿದವುಗಳಿಗಿಂತ ಕಪ್ಪಗಾದ ಹೋಳು ಸೋಂಕಿನದ್ದಾಗಿರುವ ಸಂಭವ ಹೆಚ್ಚು. ಕಣ್ಣಿಗೆ ಬೂಷ್ಟು ಕಾಣದಿದ್ದರೂ ವಿಷ ಇರಬಹುದಾದ್ದರಿಂದ ಈ ಎರಡನೆಯ ಸುತ್ತನ್ನು ಬಿಡಲೇಬಾರದು. ಚಟ್ನಿಪುಡಿ ಕುಟ್ಟುವುದು ಇದಾದ ಮೇಲೆಯೇ. ತಿನ್ನುವಾಗ ಒಂದು ಕಹಿ ಕಾಳು ಬಾಯಿಗೆ ಬಂದರೆ ಮುಜುಗರಪಡದೆ ಉಗಿಯಿರಿ, ನುಂಗಬೇಡಿ. ಮಕ್ಕಳಿಗೂ ಇದನ್ನು ಕಲಿಸಿ.

5. ಇಡುವುದು. ಚೆನ್ನಾಗಿ ಒಣಗಿದ, ಗಾಳಿಯಾಡದ ಡಬ್ಬಿ. ಕಾರ್ತಿಕದಲ್ಲಿ ಬಸವನಗುಡಿಯ ಪರಿಷೆಯಿಂದ ತಂದ ಹಸಿಗಾಯಿಯನ್ನು ಪ್ಲಾಸ್ಟಿಕ್ ಚೀಲದಲ್ಲೇ ಬಿಗಿದಿಡುತ್ತಾರಲ್ಲ, ಬೂಷ್ಟಿಗೆ ಅದಕ್ಕಿಂತ ಅನುಕೂಲ ಬೇರೆ ಬೇಕಿಲ್ಲ. ಅಂದೇ ಬೇಯಿಸಿ ತಿನ್ನಿ, ಇಲ್ಲವೇ ಹರಡಿ, ಅಲುಗಿಸಿದರೆ ಒಳಗಿನ ಕಾಳು ಗಲಗಲ ಎನ್ನುವವರೆಗೆ ಬಿಸಿಲಿಗೆ ಒಣಗಿಸಿ. ಸುಲಿಯುವಾಗ ಕಾಳು ಒಡೆಯದಿರಲೆಂದು ಒಣಕಾಯಿಗೆ ನೀರು ಚಿಮುಕಿಸುವ ಅಡ್ಡದಾರಿ ಹಿಡಿಯಬೇಡಿ. ಆ ತೇವದಲ್ಲೇ ಬೂಷ್ಟು ಚಿಗುರುತ್ತದೆ.

ಹೆಕ್ಕಿ ತೆಗೆದ ಕಾಳನ್ನು ಹಸುವಿನ ಬಾನಿಗೆ ಹಾಕಬೇಡಿ, ಕೋಳಿಗೂ ಎರಚಬೇಡಿ. ಹಸು ತಿಂದರೆ ವಿಷದ ಒಂದಂಶ ರೂಪ ಬದಲಿಸಿ ಹಾಲಿಗೇ ಇಳಿಯುತ್ತದೆ. ದನ, ಕೋಳಿ ಕೆದಕದ ಕಡೆ ಗುಂಡಿ ತೋಡಿ ಹೂತುಬಿಡಿ.