ಮೊದಲು ಹೊಸ ಕೊಂಡಿ ಸಿಕ್ಕಿಸಿ, ಆಮೇಲೆ ಹಳೆಯದನ್ನು ಬಿಡಿಸಿ: ಆಬ್ಜೆಕ್ಟ್, ಡೇಟಾ ಸ್ಟ್ರಕ್ಚರ್ ಕಲಿಯುವ ಬಗೆ

ಪ್ರೋಗ್ರಾಮಿಂಗ್ ಕಲಿಯುವವರು ಎಲ್ಲಿ ಎಡವುತ್ತಾರೆ ಎಂಬುದನ್ನು ಕಣ್ಣು ಮುಚ್ಚಿಕೊಂಡು ತೋರಿಸಬಲ್ಲೆ. ಅಷ್ಟು ಜನ ಅದೇ ಜಾಗದಲ್ಲಿ ಬಿದ್ದದ್ದನ್ನು ನೋಡಿದ್ದೇನೆ. ವೇರಿಯೇಬಲ್, ಲೂಪ್, ಫಂಕ್ಷನ್ ತನಕ ಸಲೀಸಾಗಿ ಬರುತ್ತಾರೆ. ಕ್ಲಾಸ್ (ಆಬ್ಜೆಕ್ಟ್‌ಗಳನ್ನು ಮಾಡುವ ಅಚ್ಚು) ಎಂದರೇನು ಎಂದು ಕೇಳಿದರೆ ಮಗ್ಗಿ ಒಪ್ಪಿಸಿದ ಹಾಗೆ ವ್ಯಾಖ್ಯೆ ಒಪ್ಪಿಸುತ್ತಾರೆ. ಲಿಂಕ್ಡ್ ಲಿಸ್ಟ್‌ನ (ಒಂದಕ್ಕೊಂದು ಕೊಂಡಿ ಹಾಕಿದ ಪಟ್ಟಿಯ) ನಡುವೆ ಒಂದು ನೋಡ್ (ಪಟ್ಟಿಯ ಒಂದು ಬಿಡಿಭಾಗ) ಸೇರಿಸಿ ಎಂದ ಕೂಡಲೇ ಕೈ ಕಟ್ಟಿಹೋಗುತ್ತದೆ. ಬುದ್ಧಿ ಸಾಲದೆ ಹೀಗಾಗುವುದಿಲ್ಲ. ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ (ಡೇಟಾ, ಅದರ ಮೇಲಿನ ಕೆಲಸ ಎರಡನ್ನೂ ಆಬ್ಜೆಕ್ಟ್ ಎಂಬ ಒಂದೇ ಕಟ್ಟಿನಲ್ಲಿಡುವ ಕ್ರಮ) ಒಂದು ವಿಷಯ, ಡೇಟಾ ಸ್ಟ್ರಕ್ಚರ್ (ಡೇಟಾವನ್ನು ಜೋಡಿಸಿಡುವ ಬಗೆ) ಇನ್ನೊಂದು ವಿಷಯ ಎಂದು ಬೇರೆ ಬೇರೆ ಪುಸ್ತಕದಲ್ಲಿ ಓದಿ, ಎರಡನ್ನೂ ಹೊಲಿಯುವ ದಾರವನ್ನು ಯಾರೂ ಕೈಗೆ ಕೊಡದೇ ಹೋದದ್ದರಿಂದ ಹೀಗಾಗುತ್ತದೆ.

ಹುಟ್ಟಿನಲ್ಲಿ ಇವು ಬೇರೆಯಾಗಿರಲಿಲ್ಲ. ಕ್ಲಾಸ್, ಆಬ್ಜೆಕ್ಟ್‌ಗಳನ್ನು ಮೊದಲು ತಂದ ಭಾಷೆ ಸಿಮುಲಾ 67. ನಾರ್ವೆಯ ಓಲೆ ಯೋಹಾನ್ ದಾಲ್ ಮತ್ತು ಕ್ರಿಸ್ಟನ್ ನೈಗಾರ್ಡ್ ಅದನ್ನು ರೂಪಿಸಿದರು. ಎರಡೂ ಬದಿಗೆ ಕೊಂಡಿಯಿರುವ ಪಟ್ಟಿಗಳನ್ನು ಕಟ್ಟಲು ಬೇಕಾದ ಕ್ಲಾಸ್‌ಗಳು ಆ ಭಾಷೆಯೊಳಗೇ ಸಿದ್ಧವಾಗಿದ್ದವು. ನಾವೂ ಜೊತೆಯಾಗಿಯೇ ಕಲಿಯೋಣ.

ಹೆಜ್ಜೆ 1: ಪೈಥಾನ್ ಹಾಕಿಕೊಳ್ಳಿ. ಈಗಾಗಲೇ ಜಾವಾ ಶುರು ಮಾಡಿದ್ದರೆ ಅದರಲ್ಲೇ ಮುಂದುವರಿಯಿರಿ. ನಡುವೆ ಭಾಷೆ ಬದಲಿಸಬೇಡಿ, ಅಷ್ಟೇ.

ಹೆಜ್ಜೆ 2: ಒಂದೇ ಒಂದು ಕ್ಲಾಸ್ ಬರೆಯಿರಿ. ‘ಪ್ರಾಣಿ’ ಎಂಬ ಕ್ಲಾಸ್, ಅದರಿಂದ ಹುಟ್ಟಿದ ನಾಯಿ ಬೊಗಳುತ್ತದೆ, ಬೆಕ್ಕು ಮಿಯಾಂವ್ ಎನ್ನುತ್ತದೆ ಎಂಬ ಪಾಠ ನಿಮ್ಮ ಎದುರಿಗಿದ್ದರೆ ಅದನ್ನು ಮುಚ್ಚಿಡಿ. ಅದರಿಂದ ಯಾರೂ ಏನನ್ನಾದರೂ ಕಲಿತದ್ದನ್ನು ನಾನು ಕಂಡಿಲ್ಲ. ಬದಲಿಗೆ ಸ್ಟ್ಯಾಕ್ ಬರೆಯಿರಿ, ಎಂದರೆ ಕೊನೆಗೆ ಇಟ್ಟದ್ದು ಮೊದಲು ಹೊರಬರುವ ಅಡುಕು. ಒಳಗೆ ಒಂದು ಲಿಸ್ಟ್, ಹೊರಗೆ ಮೂರು ಮೆಥಡ್ (ಕ್ಲಾಸ್‌ಗೆ ಸೇರಿದ ಫಂಕ್ಷನ್): ಮೇಲೆ ಇಡುವುದು, ಮೇಲಿನದನ್ನು ತೆಗೆಯುವುದು, ಖಾಲಿಯೇ ಎಂದು ಹೇಳುವುದು. ಒಳಗಿನ ಲಿಸ್ಟನ್ನು ಹೊರಗಿನ ಕೋಡ್ ನೇರವಾಗಿ ಮುಟ್ಟಬಾರದು. ಕ್ಲಾಸ್ ಇರುವುದೇ ಈ ಗೋಡೆಗಾಗಿ.

ಇನ್ಹೆರಿಟೆನ್ಸ್, ಎಂದರೆ ಒಂದು ಕ್ಲಾಸ್ ಇನ್ನೊಂದರ ಮೆಥಡ್‌ಗಳನ್ನೆಲ್ಲ ಹಾಗೇ ಪಡೆಯುವುದು, ಈಗ ಬೇಡ. ‘ಲಿಸ್ಟ್ ಹೇಗೂ ಇದೆಯಲ್ಲ, ಸ್ಟ್ಯಾಕನ್ನು ಅದರಿಂದಲೇ ಇನ್ಹೆರಿಟ್ ಮಾಡಿದರೆ ಎರಡೇ ಸಾಲಿನಲ್ಲಿ ಮುಗಿಯುತ್ತದೆ’ ಎಂಬ ಅಡ್ಡದಾರಿ ಬಹಳ ಜನರಿಗೆ ಹೊಳೆಯುತ್ತದೆ. ಜಾವಾ ಕಟ್ಟಿದವರಿಗೂ ಹೊಳೆದಿತ್ತು. ಅಲ್ಲಿನ ಹಳೆಯ ಸ್ಟ್ಯಾಕ್ ಕ್ಲಾಸ್ ವೆಕ್ಟರ್ ಎಂಬ ಪಟ್ಟಿಯ ಕ್ಲಾಸ್‌ನಿಂದ ಇನ್ಹೆರಿಟ್ ಆಗಿದೆ. ಹಾಗಾಗಿ ಸ್ಟ್ಯಾಕ್‌ನ ನಟ್ಟನಡುವೆ ಕೈ ಹಾಕಿ ಏನನ್ನು ಬೇಕಾದರೂ ತುರುಕಬಹುದು. ಅದರ ಬದಲು ಡೆಕ್ (ಎರಡೂ ತುದಿಯಲ್ಲಿ ಇಡಬಹುದಾದ, ತೆಗೆಯಬಹುದಾದ ಸಾಲು) ಬಳಸಿ ಎಂದು ಈಗ ಜಾವಾದ ಕೈಪಿಡಿಯೇ ಸಲಹೆ ಕೊಡುತ್ತದೆ.

ಹೆಜ್ಜೆ 3: ಹೆಸರು ಬೇರೆ, ಆಬ್ಜೆಕ್ಟ್ ಬೇರೆ. ಇಲ್ಲಿ ಆತುರ ಮಾಡಿದವರೆಲ್ಲ ಮುಂದಿನ ಹೆಜ್ಜೆಯಲ್ಲಿ ಮುಗ್ಗರಿಸಿದ್ದಾರೆ. ಕಂಪ್ಯೂಟರ್ ಮುಂದೆ ಕುಳಿತು ಇದನ್ನು ಮಾಡಿ ನೋಡಿ. ‘ಅ’ ಎಂಬ ವೇರಿಯೇಬಲ್‌ಗೆ 1, 2, 3 ಇರುವ ಲಿಸ್ಟ್ ಕೊಡಿ. (ಪೈಥಾನ್ 3ರಲ್ಲಿ ಕನ್ನಡ ಅಕ್ಷರದ ಹೆಸರುಗಳು ನಡೆಯುತ್ತವೆ.) ಮುಂದಿನ ಸಾಲಿನಲ್ಲಿ ಬ = ಅ ಎಂದು ಬರೆಯಿರಿ. ‘ಬ’ಗೆ ಅಪೆಂಡ್ ಬಳಸಿ 4 ಸೇರಿಸಿ. ಈಗ ‘ಅ’ವನ್ನು ಪ್ರಿಂಟ್ ಮಾಡಿ. 1, 2, 3, 4 ಬರುತ್ತದೆ. ‘ಅ’ವನ್ನು ನೀವು ಮುಟ್ಟಿಯೇ ಇರಲಿಲ್ಲ!

ವೇರಿಯೇಬಲ್ ಎಂದರೆ ಡಬ್ಬಿ ಎಂದು ಮೊದಲ ದಿನ ಹೇಳಿಕೊಟ್ಟದ್ದರ ಫಲ ಇದು. ಡಬ್ಬಿಯಾಗಿದ್ದರೆ ಎರಡು ಲಿಸ್ಟ್ ಇರಬೇಕಿತ್ತು. ಇರುವುದು ಒಂದೇ ಲಿಸ್ಟ್; ಅದಕ್ಕೆ ಕಟ್ಟಿದ ಚೀಟಿಗಳು ಎರಡು. ಹಾಳೆ ತೆಗೆದುಕೊಂಡು ಎಡಕ್ಕೆ ಹೆಸರುಗಳನ್ನು, ಬಲಕ್ಕೆ ಪೆಟ್ಟಿಗೆಗಳನ್ನು ಬರೆಯಿರಿ, ಹೆಸರಿನಿಂದ ಪೆಟ್ಟಿಗೆಗೆ ಬಾಣ ಎಳೆಯಿರಿ. ಇನ್ನು ಮುಂದೆ ಎರಡೇ ನಿಯಮ. ಸಮ ಚಿಹ್ನೆ ತನ್ನ ಎಡಗಡೆಯ ಬಾಣವನ್ನು ತಿರುಗಿಸುತ್ತದೆ. ಚುಕ್ಕೆ ಬಾಣದ ಜಾಡು ಹಿಡಿದು ಪೆಟ್ಟಿಗೆಯ ಒಳಗೆ ಹೋಗುತ್ತದೆ. ಈ ಎರಡನ್ನು ಬೆರಳಿನಲ್ಲಿ ತೋರಿಸುತ್ತಾ ಹತ್ತು ಸಾಲು ಕೋಡನ್ನು ಓದಬಲ್ಲಿರಾದರೆ ಅರ್ಧ ದಾರಿ ಸವೆಯಿತು.

ಇದೇ ಕಾಯಿಲೆ ಕ್ಲಾಸ್‌ನೊಳಗೆ ಬಂದಾಗ ಮುಖ ಬದಲಿಸಿಕೊಂಡು ಬರುತ್ತದೆ. ‘ಚೀಲ’ ಎಂಬ ಕ್ಲಾಸ್ ಬರೆದು, ಕ್ಲಾಸ್ ಎಂಬ ಸಾಲಿನ ಕೆಳಗೇ ಖಾಲಿ ಲಿಸ್ಟ್ ಇಟ್ಟುಬಿಡುತ್ತಾರೆ. ಎರಡು ಚೀಲ ಮಾಡಿ ಒಂದಕ್ಕೆ ಪೆನ್ಸಿಲ್ ಹಾಕಿದರೆ ಇನ್ನೊಂದರಲ್ಲೂ ಪೆನ್ಸಿಲ್! ಒಬ್ಬ ಹುಡುಗ ಇದಕ್ಕಾಗಿ ಪೈಥಾನನ್ನೇ ತೆಗೆದು ಹೊಸದಾಗಿ ಹಾಕಿಕೊಂಡಿದ್ದ. ಆ ಲಿಸ್ಟ್ ಕ್ಲಾಸ್‌ಗೆ ಸೇರಿದ್ದು, ಎಲ್ಲ ಚೀಲಗಳ ಬಾಣವೂ ಅದೇ ಪೆಟ್ಟಿಗೆಗೆ. ಪ್ರತಿ ಚೀಲಕ್ಕೂ ತನ್ನದೇ ಲಿಸ್ಟ್ ಬೇಕಿದ್ದರೆ ಹೊಸ ಆಬ್ಜೆಕ್ಟ್ ಹುಟ್ಟುವಾಗ ಓಡುವ ಇನಿಟ್ ಮೆಥಡ್‌ನ ಒಳಗೆ, ಸೆಲ್ಫ್ (ಎಂದರೆ ಆ ಆಬ್ಜೆಕ್ಟೇ) ಮತ್ತು ಚುಕ್ಕೆ ಸೇರಿಸಿ ಮಾಡಬೇಕು. ನಾಲ್ಕು ಸ್ಪೇಸ್ ಒಳಕ್ಕೆ ಸರಿಸಿದರೆ ಸಾಲದು, ಸೆಲ್ಫ್ ಇರಲೇಬೇಕು.

ಹೆಜ್ಜೆ 4: ಲಿಂಕ್ಡ್ ಲಿಸ್ಟ್, ಕೈಯಾರೆ. ರೈಲಿನ ಬೋಗಿಗಳನ್ನು ನೆನಪಿಸಿಕೊಳ್ಳಿ. ಪ್ರತಿ ಬೋಗಿಗೂ ಗೊತ್ತಿರುವುದು ತನ್ನೊಳಗಿನ ಸರಕು ಮತ್ತು ತನ್ನ ನಂತರದ ಬೋಗಿಗೆ ಸಿಕ್ಕಿಸಿದ ಕೊಂಡಿ ಮಾತ್ರ. ‘ನೋಡ್’ ಎಂಬ ಕ್ಲಾಸ್‌ನಲ್ಲಿ ಎರಡೇ ಸಂಗತಿ ಇಡಿ: ಬೆಲೆ (ಒಳಗಿನ ಸರಕು) ಮತ್ತು ಮುಂದೆ (ನಂತರದ ನೋಡ್‌ಗೆ ಬಾಣ). 10, 20, 30 ಎಂಬ ಮೂರು ನೋಡ್ ಮಾಡಿ ಒಂದಕ್ಕೊಂದು ಜೋಡಿಸಿ. ಈಗ 10 ಮತ್ತು 20ರ ನಡುವೆ 15 ಬರಬೇಕು. 10ರ ನೋಡ್‌ಗೆ ‘ಎಡ’ ಎಂಬ ಹೆಸರಿರಲಿ, 15ರ ನೋಡ್‌ಗೆ ‘ಹೊಸ’. ಹತ್ತರಲ್ಲಿ ಏಳು ಜನ ಹೀಗೆ ಬರೆಯುತ್ತಾರೆ:

ಎಡ.ಮುಂದೆ = ಹೊಸ
ಹೊಸ.ಮುಂದೆ = ಎಡ.ಮುಂದೆ

ಹಾಳೆಯ ಮೇಲೆ ಬಾಣ ಎಳೆಯಿರಿ. ಮೊದಲ ಸಾಲು ಮುಗಿದಾಗ 10ರ ಬಾಣ 15ಕ್ಕೆ ತಿರುಗಿತು. 20ಕ್ಕೆ ಹೋಗುತ್ತಿದ್ದ ಒಂದೇ ಬಾಣ ಅದಾಗಿತ್ತು. ಈಗ 20, 30 ಎಲ್ಲಿವೆ ಎಂದು ಹೇಳುವವರೇ ಇಲ್ಲ. ಎರಡನೇ ಸಾಲಿನಲ್ಲಿ ಎಡ.ಮುಂದೆ ಎಂದರೆ ಯಾವುದು? 15 ತಾನೇ. ಅಂದರೆ 15ರ ಬಾಣ 15ಕ್ಕೇ ಹೋಯಿತು. ಪ್ರಿಂಟ್ ಮಾಡಿದರೆ 10, 15, 15, 15, 15 ಎಂದು ನೀವು ನಿಲ್ಲಿಸುವ ತನಕ ಓಡುತ್ತದೆ. 20 ಮತ್ತು 30ಕ್ಕೆ ಬೇರೆ ಹೆಸರುಗಳಿಲ್ಲದಿದ್ದರೆ ಪೈಥಾನ್ ಅವನ್ನು ಗುಡಿಸಿ ಹಾಕಿರುತ್ತದೆ.

ಸರಿಯಾದ ಕ್ರಮ ಇದೇ ಎರಡು ಸಾಲುಗಳ ತಿರುವುಮುರುವು. ಮೊದಲು ಹೊಸ.ಮುಂದೆ = ಎಡ.ಮುಂದೆ, ಆಮೇಲೆ ಎಡ.ಮುಂದೆ = ಹೊಸ. ಹೊಸ ಬೋಗಿಯನ್ನು ನಂತರದ ಬೋಗಿಗಳಿಗೆ ಮೊದಲು ಸಿಕ್ಕಿಸಬೇಕು, ಆಮೇಲಷ್ಟೇ ಹಳೆಯ ಕೊಂಡಿಯನ್ನು ಬಿಡಿಸಬೇಕು. ಇದನ್ನು ಬಾಯಿಪಾಠ ಮಾಡಿದರೆ ಪ್ರಯೋಜನವಿಲ್ಲ. ತಪ್ಪು ಕ್ರಮವನ್ನೂ ಬೇಕೆಂದೇ ಓಡಿಸಿ, 15ರ ಸಾಲು ಹರಿಯುವುದನ್ನು ಕಣ್ಣಾರೆ ನೋಡಿ.

ಅಳಿಸುವುದು ಇನ್ನೂ ಚಿಕ್ಕದು, ಇನ್ನೂ ಮೋಸದ್ದು. 20 ಬೇಡ ಎಂದರೆ 20ರ ಹತ್ತಿರ ಹೋಗಿ ನಿಲ್ಲಬಾರದು, ಅದರ ಹಿಂದಿನ ನೋಡ್‌ನಲ್ಲಿ ನಿಂತು ಅದರ ಬಾಣವನ್ನು 30ಕ್ಕೆ ದಾಟಿಸಬೇಕು. ಹಾಗಾದರೆ ಮೊದಲನೆಯದನ್ನೇ ಅಳಿಸಬೇಕಾದರೆ? ಅದಕ್ಕೆ ಹಿಂದಿನ ನೋಡ್ ಇಲ್ಲ; ಮೊದಲ ನೋಡ್‌ಗೆ ಕಟ್ಟಿದ ‘ತಲೆ’ ಎಂಬ ಹೆಸರನ್ನೇ ತಿರುಗಿಸಬೇಕು. ಲಿಸ್ಟ್ ಖಾಲಿಯಿದ್ದರೆ? ಆಗ ‘ನನ್‌ಟೈಪ್ ಆಬ್ಜೆಕ್ಟ್‌ಗೆ ಅಂಥದ್ದೇನೂ ಇಲ್ಲ’ ಎಂಬ ಕೆಂಪು ಸಾಲು ಬರುತ್ತದೆ. ಇದಕ್ಕೆ ಅವಮಾನಪಡಬೇಡಿ. ‘ಏನೂ ಇಲ್ಲ’ ಎಂಬ ಬಾಣವನ್ನು 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗೆ ತಂದ ಟೋನಿ ಹೋರ್ ಅವರೇ 2009ರಲ್ಲಿ ಅದನ್ನು ತಮ್ಮ ಶತಕೋಟಿ ಡಾಲರಿನ ತಪ್ಪು ಎಂದು ಕರೆದುಕೊಂಡರು. ನೀವು ಬರೆದ ಪ್ರತಿ ಮೆಥಡನ್ನೂ ಖಾಲಿ ಲಿಸ್ಟ್, ಒಂದೇ ನೋಡ್, ಮೊದಲ ನೋಡ್, ಕೊನೆಯ ನೋಡ್ ಎಂದು ನಾಲ್ಕು ಸಲ ಪರೀಕ್ಷಿಸಿ. ನಡುವಿನದು ಹೇಗೂ ಸರಿಯಿರುತ್ತದೆ.

ಇನ್ನೊಂದು ತಪ್ಪು ಎಷ್ಟು ಸಾಮಾನ್ಯವೆಂದರೆ ನನಗೆ ಅದರ ವಾಸನೆಯೇ ಬರುತ್ತದೆ. ಲಿಸ್ಟ್ ಪ್ರಿಂಟ್ ಮಾಡುವಾಗ ‘ತಲೆ’ಯನ್ನೇ ಮುಂದೆ ಮುಂದೆ ಸರಿಸುತ್ತಾ ಹೋಗುವುದು. ಮೊದಲ ಸಲ ಎಲ್ಲವೂ ಚೆಂದ. ಎರಡನೇ ಸಲ ಪ್ರಿಂಟ್ ಮಾಡಿದರೆ ಪರದೆ ಖಾಲಿ, ಏಕೆಂದರೆ ತಲೆ ಕೊನೆ ದಾಟಿ ಹೋಗಿದೆ. ನಡೆಯಲು ‘ಈಗ’ ಎಂಬ ಬೇರೆ ಹೆಸರಿಡಿ, ತಲೆ ಇದ್ದಲ್ಲೇ ಇರಲಿ.

ಈ ಹಂತದಲ್ಲಿ ಬಿಟ್ಟ ಸ್ಥಳ ತುಂಬಿಸುವ ಆ್ಯಪ್‌ಗಳ ಬಗ್ಗೆ ಒಂದು ಮಾತು. ‘ಹೊಸ.ಮುಂದೆ’ ಎಂಬುದನ್ನು ಅವೇ ಬರೆದುಕೊಟ್ಟು, ಉಳಿದ ಒಂದು ಪದವನ್ನು ನೀವು ಒತ್ತಿದ್ದಕ್ಕೆ ನಕ್ಷತ್ರ ಕೊಡುತ್ತವೆ. ಕಷ್ಟವಿದ್ದದ್ದು ಯಾವ ಸಾಲು ಮೊದಲು ಎಂಬುದರಲ್ಲಿ. ಅದನ್ನು ಅವು ನಿಮ್ಮಿಂದ ಕಸಿದುಕೊಂಡಿರುತ್ತವೆ. ಎಐ ಬರೆದುಕೊಟ್ಟ ಕೋಡ್‌ನದ್ದೂ ಇದೇ ಕಥೆ. ನೀವು ಬರೆದದ್ದನ್ನು ಅದಕ್ಕೆ ತೋರಿಸಿ ತಪ್ಪು ಕೇಳಿ, ಬೇಡ ಎನ್ನುವುದಿಲ್ಲ. ಆದರೆ ಮೊದಲ ಲಿಂಕ್ಡ್ ಲಿಸ್ಟ್ ನಿಮ್ಮ ಕೈಬರಹದ್ದೇ ಆಗಿರಲಿ.

ಹೆಜ್ಜೆ 5: ಉಳಿದವು. ಇವು ಬೇಗ ಬರುತ್ತವೆ. ಕ್ಯೂ, ಎಂದರೆ ಮೊದಲು ಬಂದದ್ದು ಮೊದಲು ಹೋಗುವ ಸರತಿ ಸಾಲು: ತಲೆಯ ಜೊತೆಗೆ ಬಾಲಕ್ಕೂ (ಕೊನೆಯ ನೋಡ್‌ಗೂ) ಒಂದು ಬಾಣ. ಪೈಥಾನ್‌ನ ಸಾಮಾನ್ಯ ಲಿಸ್ಟನ್ನೇ ಕ್ಯೂ ಮಾಡಿಕೊಂಡು ಮುಂದಿನಿಂದ ತೆಗೆಯುತ್ತಾ ಹೋದರೆ ಪ್ರತಿ ಸಲವೂ ಉಳಿದವೆಲ್ಲ ಒಂದೊಂದು ಸ್ಥಾನ ಸರಿಯಬೇಕಾಗುತ್ತದೆ. ನೂರು ಇದ್ದಾಗ ತಿಳಿಯದು, ಲಕ್ಷಗಟ್ಟಲೆ ಇದ್ದಾಗ ತಿಳಿಯುತ್ತದೆ. ಹೆಸರು ಕೊಟ್ಟರೆ ಅದರ ಬೆಲೆ ಹುಡುಕಿಕೊಡುವ ಡಿಕ್ಷನರಿಯನ್ನು ಮೊದಲು ಬಳಸಿ, ಅದನ್ನು ಒಳಗಿನಿಂದ ನಡೆಸುವ ಹ್ಯಾಶ್ ಟೇಬಲ್ ಆಮೇಲೆ ಕಲಿಯಿರಿ.

ಟ್ರೀ ಎಂದರೆ ಅದೇ ನೋಡ್ ಕ್ಲಾಸ್, ಮುಂದೆ ಎಂಬ ಒಂದು ಬಾಣದ ಜಾಗದಲ್ಲಿ ಎಡ, ಬಲ ಎಂಬ ಎರಡು. ಹುಡುಕುವ ಟ್ರೀಯಲ್ಲಿ ಚಿಕ್ಕದು ಎಡಕ್ಕೆ, ದೊಡ್ಡದು ಬಲಕ್ಕೆ. ಎರಡೂ ಕಡೆ ಸಮನಾಗಿ ಹರಡಿದ್ದರೆ 10 ಲಕ್ಷ ಸಂಖ್ಯೆಗಳ ನಡುವೆ ಒಂದನ್ನು ಹುಡುಕಲು 20 ಹೋಲಿಕೆ ಸಾಕು. ಆದರೆ 1, 2, 3, 4 ಎಂದು ಏರುಕ್ರಮದಲ್ಲೇ ಸೇರಿಸುತ್ತಾ ಹೋಗಿ ಚಿತ್ರ ಬರೆಯಿರಿ. ಎಡಗಡೆಯೆಲ್ಲ ಖಾಲಿ, ಬಲಕ್ಕೆ ಒಂದೇ ಸಾಲು: ನಾಲ್ಕನೇ ಹೆಜ್ಜೆಯ ರೈಲೇ ಮರಳಿ ಬಂದಿರುತ್ತದೆ! ಹೀಗೆ 10 ಸಾವಿರ ನೋಡ್ ಸೇರಿಸಿ ರಿಕರ್ಷನ್‌ನಿಂದ (ಫಂಕ್ಷನ್ ತನ್ನನ್ನೇ ತಾನು ಕರೆಯುತ್ತಾ) ಹುಡುಕಲು ಹೋದರೆ ಪೈಥಾನ್ ನಡುದಾರಿಯಲ್ಲೇ ಕೈಚೆಲ್ಲುತ್ತದೆ. ಸಾಮಾನ್ಯವಾಗಿ 1000ದ ಆಸುಪಾಸಿನ ಆಳದ ತನಕ ಮಾತ್ರ ಅದು ಇಳಿಯುತ್ತದೆ.

ಹೆಜ್ಜೆ 6: ಗೋಡೆಯನ್ನು ಪರೀಕ್ಷಿಸಿ. ಎರಡನೇ ಹೆಜ್ಜೆಯಲ್ಲಿ ಬರೆದ ಸ್ಟ್ಯಾಕ್‌ಗೆ ವಾಪಸ್ ಬನ್ನಿ. ಅದನ್ನು ಬಳಸಿ ಆವರಣ ಚಿಹ್ನೆಗಳು ಸರಿಯಾಗಿ ಮುಚ್ಚಿವೆಯೇ ಎಂದು ನೋಡುವ ಚಿಕ್ಕ ಪ್ರೋಗ್ರಾಮ್ ಬರೆಯಿರಿ: ತೆರೆದ ಆವರಣ ಬಂದರೆ ಮೇಲೆ ಇಡಿ, ಮುಚ್ಚುವುದು ಬಂದರೆ ಮೇಲಿನದನ್ನು ತೆಗೆದು ಜೋಡಿಯೇ ಎಂದು ನೋಡಿ. ಅದು ಓಡಿದ ಮೇಲೆ ಸ್ಟ್ಯಾಕ್‌ನ ಒಳಗಿನ ಲಿಸ್ಟನ್ನು ಕಿತ್ತುಹಾಕಿ, ನಿಮ್ಮದೇ ಲಿಂಕ್ಡ್ ಲಿಸ್ಟ್ ಕೂರಿಸಿ. ಆವರಣದ ಪ್ರೋಗ್ರಾಮ್ ಒಂದಕ್ಷರ ಬದಲಾಗದೆ ಮತ್ತೆ ಓಡಬೇಕು. ಅಲ್ಲಿ ಒಂದು ಸಾಲನ್ನಾದರೂ ತಿದ್ದಬೇಕಾಗಿ ಬಂತೆಂದರೆ ಎಲ್ಲೋ ಹೊರಗಿನ ಕೈ ಗೋಡೆಯ ಒಳಗೆ ಹೋಗಿತ್ತು ಎಂದರ್ಥ. ಆ ಸಾಲನ್ನು ಹುಡುಕಿ, ಎರಡನೇ ಹೆಜ್ಜೆಯಿಂದ ಮತ್ತೆ ಶುರು ಮಾಡಿ.