ದಾಲ್ಚಿನ್ನಿ ಮರದ ಬಿಳಿ ಹುಳ: ಅಟ್ಲಾಸ್ ಪತಂಗ ಸಾಕಿದ ನನ್ನ ಅನುಭವ

ಎರಡು ವರ್ಷದ ಹಿಂದೆ ಆಗಸ್ಟಲ್ಲಿ, ಮಳೆ ಒಂಚೂರು ಬಿಟ್ಟಿದ್ದಾಗ ತೋಟದ ಹುಡುಗ ಓಡ್ಕೊಂಡು ಬಂದು "ಅಕ್ಕಾ, ದಾಲ್ಚಿನ್ನಿ ಮರದಲ್ಲಿ ಸುಣ್ಣ ಬಳ್ದಂಗಿರೋ ಹುಳ ಇದೆ, ಔಷಧಿ ಹೊಡೀಲಾ" ಅಂದ. ಹೋಗಿ ನೋಡಿದ್ರೆ ನನ್ನ ಹೆಬ್ಬೆರಳಿಗಿಂತ ದಪ್ಪ, ಮೈ ತುಂಬ ಮೆತ್ತನೆ ಮುಳ್ಳು, ಮುಟ್ಟಿದ್ರೆ ಬಿಳಿ ಪುಡಿ ಕೈಗಂಟುತ್ತೆ, ತುರಿಕೆ ಗಿರಿಕೆ ಇಲ್ಲ. ಹೊಡೀಬೇಡ ಮಾರಾಯ, ಇದು ಅಟ್ಲಾಸ್ ಅನ್ನೋ ದೊಡ್ಡ ಪತಂಗದ ಹುಳ ಅಂದೆ. ಆರು ಸಿಕ್ವು.

ಸೊಪ್ಪು ಬಾಡಬಾರದು ಅಂತ ಕೊಂಬೆನ ನೀರಿನ ಬಾಟ್ಲಿಯಲ್ಲಿಟ್ಟಿದ್ದೇ ಮೊದಲ ಎಡವಟ್ಟು, ಎರಡು ಹುಳ ಕೊಂಬೆ ಹಿಡ್ಕೊಂಡು ಇಳಿದು ನೀರಲ್ಲೇ ಸತ್ತೋದ್ವು. ಆಮೇಲೆ ಬಾಟ್ಲಿ ಬಾಯಿಗೆ ಹತ್ತಿ ತುರುಕಿ ಸುತ್ತ ಹಳೇ ಸೊಳ್ಳೆಪರದೆ ಕಟ್ಟಿದೆ. ಪೇರಳೆ ಸೊಪ್ಪೂ ತಿನ್ನುತ್ತೆ ಅಂತಾರೆ, ಆದ್ರೆ ದಾಲ್ಚಿನ್ನಿ ರುಚಿ ಹತ್ತಿದವು ಅದರ ಹತ್ರಾನೂ ಸುಳೀಲಿಲ್ಲ. ಬೆಳಗ್ಗೆ ಎದ್ರೆ ಪೇಪರ್ ತುಂಬ ಕಾಳುಮೆಣಸಿಗಿಂತ ದೊಡ್ಡ ಹಿಕ್ಕೆ.

ಎಲೆ ಸುತ್ಕೊಂಡು ಕಂದು ಗೂಡು ಕಟ್ಟಿದ್ವು. ನಮ್ಮ ಹಿಪ್ಪುನೇರಳೆ ರೇಷ್ಮೆಹುಳದ ಗೂಡಿನ ಹಾಗೆ ಮುಚ್ಚಿರಲ್ಲ, ಮೇಲ್ಗಡೆ ಸಂದು ಇರುತ್ತೆ, ನೂಲು ಒಂದೇ ಎಳೆಯಾಗಿ ಬರಲ್ಲ. ಅದೇ ಬೇರೆ ಕುಟುಂಬ ಬಿಡಿ. ನಮ್ಮ ಜಗಲಿ ಲೈಟಿಗೆ ಬರೋ ಉದ್ದ ಬಾಲದ ತಿಳಿಹಸಿರು ಚಂದ್ರ ಪತಂಗ, ಮತ್ತಿ ಮರದ ಟಸರ್ ರೇಷ್ಮೆಹುಳ, ಇವೆಲ್ಲ ಅಟ್ಲಾಸ್ ಬಳಗವೇ.

ಒಂದು ಗೂಡಲ್ಲಿ ಪತಂಗದ ಬದಲು ಪರಾವಲಂಬಿ ನೊಣ ಬಂತು. ಇನ್ನೊಂದನ್ನ ಬಿಸ್ಕೆಟ್ ಡಬ್ಬದಲ್ಲಿಟ್ಟಿದ್ದೆ, ಪಾಪ, ಅದೇ ನನಗೆ ಇವತ್ತಿಗೂ ಬೇಜಾರು. ಹೊರಬಂದ ಪತಂಗಕ್ಕೆ ಮೊದಲು ಮೇಲೆ ಹತ್ತಿ ತಲೆಕೆಳಗಾಗಿ ನೇತಾಡೋಕೆ ಜಾಗ ಬೇಕು, ಒದ್ದೆ ಚಿಂದಿ ಥರ ಇರೋ ರೆಕ್ಕೆಗೆ ರಕ್ತ ಇಳಿದು ಅರಳೋದು ಆಗಲೇ. ಡಬ್ಬದ ಗೋಡೆ ಜಾರಿ ಬಿದ್ದು ರೆಕ್ಕೆ ಮುದುರಿಯೇ ಒಣಗಿತು. ಈ ಪತಂಗಗಳ ಬಾಯಿ ಕೆಲಸಕ್ಕೆ ಬರಲ್ಲ, ಏನೂ ತಿನ್ನಲ್ಲ, ಹುಳ ಆಗಿದ್ದಾಗ ಕೂಡಿಟ್ಟ ಕೊಬ್ಬಲ್ಲೇ ಒಂದು ವಾರ ಬದುಕು, ಅದನ್ನೂ ನಾನು ಹಾಳು ಮಾಡ್ದೆ.

ಉಳಿದೆರಡನ್ನ ಪರದೆಯಲ್ಲೇ ದಾರಕ್ಕೆ ಕಟ್ಟಿ ದಿನಾ ನೀರು ಚಿಮುಕಿಸಿದೆ. ಒಂದು ಬರಲೇ ಇಲ್ಲ. ಇನ್ನೊಂದು ಹೆಣ್ಣು, ರೆಕ್ಕೆ ತುದಿಯಿಂದ ತುದಿಗೆ ಸ್ಕೇಲ್ ಇಟ್ರೆ 21 ಸೆಂಟಿಮೀಟರ್, ರೆಕ್ಕೆ ತುದಿ ಥೇಟ್ ಹಾವಿನ ತಲೆ, ಅತ್ತೆ ಹತ್ರ ಬರಲೇ ಇಲ್ಲ. ಪರದೆ ಸಮೇತ ಜಗಲಿಯಲ್ಲಿಟ್ಟೆ. ಬೆಳಗಿನ ಜಾವ ನೋಡ್ತೀನಿ, ಗರಿಯಂಥ ಮೀಸೆಯ ಎರಡು ಗಂಡು ಹೊರಗಡೆ ಅಂಟ್ಕೊಂಡಿವೆ, ವಾಸನೆ ಹಿಡ್ಕೊಂಡು ಕತ್ತಲಲ್ಲಿ ಎಲ್ಲಿಂದ ಬಂದ್ವೋ! ಒಂದನ್ನ ಒಳಗೆ ಬಿಟ್ಟೆ.

ಪರದೆ ಮೇಲೆ ಇಟ್ಟ ಮೊಟ್ಟೆನ ಬಟ್ಟೆ ಸಮೇತ ಕತ್ತರಿಸಿ ಅದೇ ಮರಕ್ಕೆ ಕಟ್ಟೋಕೆ ಹುಡುಗನ್ನ ಕರೆದೆ.

"ಅಕ್ಕಾ, ಈಗ ನಾವೇ ಮರಕ್ಕೆ ಹುಳ ಬಿಡ್ತಿದೀವಾ" ಅಂದ.